ಅತ್ತೆಮ್ಮ ಕಲಿತ ದಾರಿ

ನಮ್ಮ ಲಾರಿ ಕಂಪನಿಯ ಆಫೀಸಿನ ದೊಡ್ಡ ಪರದೆಗೆ ನಾವಿಟ್ಟ ಹೆಸರು ಅತ್ತೆಮ್ಮ. ಡ್ರೈವರ್‌ಗಳ ಫೋನಿನ ಜಾಡು ಹಿಡಿದು, ಯಾವ ಲಾರಿ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ. ಡ್ರೈವರ್ ಚಹಾ ಕುಡಿಯುತ್ತಾ ಸ್ವಲ್ಪ ಹೆಚ್ಚು ಹೊತ್ತು ಕೂತರೂ ಅವನ ಹೆಸರಿನ ಮುಂದೆ ಕೆಂಪು ಗುರುತು. ಲಾರಿಗಳು ಓಡಾಡಿದ ದಾರಿ ನೋಡಿ ನೋಡಿ ತಾನೇ ಹೊಸ ದಾರಿ ಕಲಿಯುತ್ತಾಳೆಂದು ಮೇಲಿನವರಿಗೆ ಬಹಳ ಹೆಮ್ಮೆ. ಕಲಿತರೆ ಕಲಿಯಲಿ, ನನ್ನ ಗಂಟೇನು ಹೋಗಬೇಕು ಎಂದುಕೊಂಡು ನಾನು ಅವಳ ಮುಂದೆ ಕೂತು ಸಂಬಳ ಎಣಿಸುತ್ತಿದ್ದೆ.

ಆ ಮಧ್ಯಾಹ್ನ ಅವಳು ನನ್ನ ತಮ್ಮನ ಲಾರಿಗೆ ಹೊಸ ದಾರಿ ಹಾಕಿಕೊಟ್ಟಳು. ತಮ್ಮ ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಲಾರಿ ತುಂಬ ಸಿಮೆಂಟ್ ಮೂಟೆ. "ಜಾಣತನ ತೋರಿಸೋಕೆ ಹೋಗ್ಬೇಡ, ಫೋನು ಹೇಳಿದ ಕಡೆ ತಿರುಗು" ಎಂದು ಅವನ ಕಿವಿ ಹಿಂಡಿ, ಮಳೆನೀರು ತಾಗದಂತೆ ಫೋನನ್ನು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟು ಕಳಿಸಿದ್ದವಳು ನಾನೇ.

ನನ್ನ ಗಂಡನೂ ಅದೇ ಕಂಪನಿಯ ಡ್ರೈವರ್. ಪಾಳಿ ಮುಗಿಸಿ ಮನೆಯ ಬೀಗದಕೈ ಕೇಳಲು ಬಂದವರು ನನ್ನ ಕುರ್ಚಿಯ ಹಿಂದೆ ನಿಂತರು.

"ನೋಡ್ರೀ, ನಿಮ್ಮ ಭಾಮೈದ ಇವತ್ತು ಎಲ್ಲರಿಗಿಂತ ಮುಂಚೆ ಮುಟ್ತಾನೆ. ಅತ್ತೆಮ್ಮ ನದಿ ದಾಟೋಕೆ ಅಡ್ಡದಾರಿ ಹುಡುಕಿದ್ದಾಳೆ."

ಅವರು ಬಗ್ಗಿ ನೋಡಿದರು. ನದಿಯ ಗೆರೆಯ ಮೇಲೆ ಬೆರಳಿಟ್ಟರು.

"ಅದು ಹಳೇ ಸೇತುವೆ ಕಣೇ. ಅಲ್ಲಿ ಬೈಕು ಬಿಟ್ರೆ ಏನೂ ಹೋಗಲ್ಲ, ಭಾರ ತಡೆಯಲ್ಲ."

"ನಿಮ್ಮ ಲಾರಿ ಎಷ್ಟು ಸಲ ಹೋಗಿದೆ! ಇಲ್ಲೇ ಇದೆಯಲ್ಲ. ಎಲ್ಲರ ಲಾರಿನೂ ಹೋಗಿದೆ."

"ಲಾರಿ ಹೋಗಿಲ್ಲ. ಫೋನು ಹೋಗಿದೆ."

ಆಮೇಲೆ ತಡವರಿಸುತ್ತಾ ಹೇಳಿದರು. ನಿದ್ದೆಗೆಟ್ಟ ಡ್ರೈವರ್‌ಗಳು ನದಿಯ ಈಚೆಯ ಪಂಕ್ಚರ್ ಅಂಗಡಿಯಲ್ಲಿ ಒಂದು ನಿದ್ದೆ ತೆಗೆಯುತ್ತಿದ್ದರಂತೆ. ಕೆಂಪು ಗುರುತು ಬೀಳಬಾರದಲ್ಲ, ಅದಕ್ಕೆ ಅಂಗಡಿಯವನು ಅವರ ಫೋನುಗಳನ್ನು ಚೀಲಕ್ಕೆ ಹಾಕಿಕೊಂಡು, ಬೈಕಿನಲ್ಲಿ ಹಳೇ ಸೇತುವೆ ದಾಟಿ, ಆಚೆಯ ಟೋಲ್ ಗೇಟಿನ ಹತ್ತಿರ ಕಾಯುತ್ತಿದ್ದನಂತೆ. ಟೋಲ್ ಸಾಲಿನಲ್ಲಿ ನಿಂತರೆ ಅತ್ತೆಮ್ಮ ಏನೂ ಅನ್ನುವುದಿಲ್ಲ. ಇವರು ಎದ್ದು, ಲಾರಿಯನ್ನು ದೊಡ್ಡ ರಸ್ತೆಯಲ್ಲಿ ಸುತ್ತಿ ತಂದು, ಫೋನು ಇಸಿದುಕೊಳ್ಳುತ್ತಿದ್ದರು. ಪಾಪ, ಅತ್ತೆಮ್ಮನಿಗೇನು ಗೊತ್ತು? ಲಾರಿಗಳೇ ಸೇತುವೆ ದಾಟುತ್ತಿವೆ ಎಂದು ನಂಬಿದಳು. ಇಷ್ಟು ಲಾರಿ ದಾಟಿದ ಮೇಲೆ ಇನ್ನೊಂದು ಯಾಕೆ ದಾಟಬಾರದು?

ಅವರನ್ನು ಅಲ್ಲೇ ಸಿಗಿದುಬಿಡಬೇಕು ಅನ್ನಿಸಿತು. ಅದಕ್ಕೂ ಪುರುಸೊತ್ತಿರಲಿಲ್ಲ. ಪರದೆಯ ಮೇಲೆ ತಮ್ಮನ ಲಾರಿಯ ಚುಕ್ಕೆ ದೊಡ್ಡ ರಸ್ತೆ ಬಿಟ್ಟು ತಿರುಗಿಯಾಗಿತ್ತು.

ಗಾಡಿ ಓಡುವಾಗ ಡ್ರೈವರ್‌ಗೆ ಯಾರ ಕರೆಯೂ ಹೋಗದಂತೆ ಕಂಪನಿಯವರು ಫೋನಿಗೆ ಬೀಗ ಹಾಕಿದ್ದರು. ಅದು ಅವರ ಸುರಕ್ಷತೆಗಂತೆ. ಗಂಡ "ನಾನೇ ಹೋಗಿ ತಡೀತೀನಿ" ಎಂದು ಬೈಕ್ ಹತ್ತಿ ಓಡಿದರು. ನಾನು ದಾರಿ ಬದಲಿಸುವ ಗುಂಡಿ ಒತ್ತಿದೆ. ಈ ದಾರಿ ಹಲವು ಬಾರಿ ಸುರಕ್ಷಿತವಾಗಿ ಬಳಕೆಯಾಗಿದೆ, ಬದಲಿಸಲು ಮೇಲಧಿಕಾರಿಯ ಒಪ್ಪಿಗೆ ಬೇಕು ಎಂದು ಬಂತು. ಮೇಲಧಿಕಾರಿ ಮೀಟಿಂಗಿನಲ್ಲಿದ್ದರು. ಬಾಗಿಲು ಬಡಿದೆ, ಕೂಗಿದೆ, ಗಾಜಿನ ಆಚೆಯಿಂದ ಅವರು ಬೆರಳೆತ್ತಿ, ಸ್ವಲ್ಪ ತಾಳು ಎಂದು ಸನ್ನೆ ಮಾಡಿದರು. ಕೊನೆಗೆ ಒಳಗೇ ನುಗ್ಗಿ ಅವರ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಅವರು ಬೈಯುತ್ತಲೇ ಒಪ್ಪಿಗೆ ಒತ್ತಿದರು.

ಅಷ್ಟರಲ್ಲಿ ಚುಕ್ಕೆ ನದಿಯ ನೀಲಿ ಗೆರೆಯ ನಡುವೆ ನಿಂತುಬಿಟ್ಟಿತ್ತು.

ತಮ್ಮನಿಗೆ ಕರೆ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ನಿಲ್ಲಿಸಿರಬೇಕು, ಸೇತುವೆ ನೋಡಿ ಹೆದರಿ ಬ್ರೇಕ್ ಹಾಕಿರಬೇಕು, ಇಳಿದು ನಡೆದುಕೊಂಡು ಬರಲಿ ದೇವರೇ ಎಂದು ಪರದೆಗೆ ಕೈಮುಗಿದೆ.

ಫೋನು ಬಂತು. ಗಂಡ ಇನ್ನೂ ದಾರಿಯಲ್ಲಿದ್ದರು, ಗಾಳಿಯಲ್ಲಿ ಮಾತು ಹರಿದು ಹರಿದು ಬರುತ್ತಿತ್ತು.

"ಎಲ್ಲಿದ್ದಾನೆ? ಚುಕ್ಕೆ ನಿಂತಿದೆಯಾ?"

ನಾನು ನೋಡಿದೆ. ಚುಕ್ಕೆ ಅಲುಗಾಡಿತು. ಮೆಲ್ಲಗೆ ಹೊರಟಿತು.

"ಇಲ್ಲ. ಹೋಗ್ತಾ ಇದೆ."

"ಅಬ್ಬಾ!" ಅವರು ಬೈಕ್ ನಿಲ್ಲಿಸಿದ ಸದ್ದು ಕೇಳಿತು. ನಗುತ್ತಿದ್ದರೋ ಅಳುತ್ತಿದ್ದರೋ. "ದಾಟಿಬಿಟ್ಟ ಕಣೇ, ನಿನ್ನ ತಮ್ಮ ಗಟ್ಟಿ ಆಸಾಮಿ! ಟೋಲ್ ಕಡೆಗೆ ತಾನೇ?"

ಚುಕ್ಕೆ ಟೋಲ್ ಕಡೆಗೂ ಹೋಗುತ್ತಿರಲಿಲ್ಲ, ಈಚೆಗೂ ಬರುತ್ತಿರಲಿಲ್ಲ. ನೀಲಿ ಗೆರೆಯನ್ನು ಬಿಡದೆ, ಅದು ಬಳುಕಿದಲ್ಲೆಲ್ಲ ತಾನೂ ಬಳುಕುತ್ತಾ, ನೀರು ಹರಿಯುವ ಕಡೆಗೇ ಕೆಳಗೆ ಕೆಳಗೆ ಹೋಗುತ್ತಿತ್ತು. ಪಕ್ಕದಲ್ಲಿ ಅತ್ತೆಮ್ಮ, ಹೊಸ ದಾರಿ ಲೆಕ್ಕ ಹಾಕುತ್ತಿದ್ದೇನೆ, ದಯವಿಟ್ಟು ಕಾಯಿರಿ ಎಂದು ಬರೆದಿದ್ದಳು.

"ಹೇಳೇ, ಟೋಲ್ ಕಡೆಗೆ ತಾನೇ?" ಗಂಡ ಮತ್ತೆ ಕೇಳಿದರು.