ಬಂಡೆಯ ನಡುವೆ ನಿಂತ ಲಹರಿ

ಅರವಿಂದ್ ಮನೆ ಬಿಟ್ಟು ಲಿಂಗಂಪಲ್ಲಿಯಲ್ಲಿ ಬಾಡಿಗೆ ಕೋಣೆ ಹಿಡಿದು ಏಳೆಂಟು ತಿಂಗಳಾಗಿತ್ತು. ತೇಜಸ್ವಿನಿ ಮಗಳು ಲಹರಿಯೊಂದಿಗೆ ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲೇ ಉಳಿದಿದ್ದಳು. ಇಬ್ಬರೂ ರಾಯಚೂರು ಕಡೆಯವರು. ಅವನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರಿ ಸಿಕ್ಕ ಮೇಲೆ ಹೈದರಾಬಾದಿಗೆ ಬಂದವರು. ಜೊತೆಗೆ ಕೆಲಸ ಮಾಡುವ ಹೆಂಗಸೊಬ್ಬಳೊಂದಿಗೆ ಅವನಿಗೆ ಸಂಬಂಧವಿತ್ತು. ಅದು ಮುಗಿದುಹೋದ ಮೇಲೆ ತೇಜಸ್ವಿನಿಗೆ ತಿಳಿಯಿತು. ಅವಳು ಕೂಗಾಡಲಿಲ್ಲ, ಯಾರ ಮುಂದೆಯೂ ಅತ್ತುಕೊಳ್ಳಲಿಲ್ಲ. ಇನ್ನು ನಿಮ್ಮ ಜೊತೆ ಇರುವುದು ನನ್ನಿಂದಾಗದು ಎಂದಳು, ಅಷ್ಟೇ. ಅವನು ಎಷ್ಟು ಬೇಡಿಕೊಂಡರೂ ಆ ಮಾತು ಬದಲಾಗಲಿಲ್ಲ. ಸೋಮವಾರ ಕೋರ್ಟಿನಲ್ಲಿ ಇಬ್ಬರೂ ವಿಚ್ಛೇದನಕ್ಕೆ ಸಹಿ ಹಾಕುವುದಿತ್ತು.

ಅದಕ್ಕೆ ಮುಂಚಿನ ಭಾನುವಾರ ಬೆಟ್ಟಕ್ಕೆ ಹೋಗೋಣ ಎಂದು ಹಟ ಹಿಡಿದವಳು ಲಹರಿ. ಊರಿನಿಂದ ಒಂದು ತಾಸಿನ ದಾರಿಯಲ್ಲಿ ದೊಡ್ಡ ಕಲ್ಲುಬೆಟ್ಟವೊಂದಿದೆ. ಅದರ ಕಡಿದಾದ ಮುಖಕ್ಕೆ ಕಬ್ಬಿಣದ ಮೆಟ್ಟಿಲು ಬಡಿದು, ಉದ್ದಕ್ಕೂ ಉಕ್ಕಿನ ಹಗ್ಗ ಎಳೆದಿದ್ದಾರೆ. ವಯಾ ಫೆರಾಟಾ ಎಂದು ಅದಕ್ಕೆ ಹೆಸರು. ಸೊಂಟದ ಬೆಲ್ಟಿನಿಂದ ಬಂದ ಎರಡು ಕೊಕ್ಕೆಗಳನ್ನು ಆ ಹಗ್ಗಕ್ಕೆ ಸಿಕ್ಕಿಸಿ, ಒಂದೊಂದನ್ನೇ ಬಿಚ್ಚಿ ಮುಂದಕ್ಕೆ ಹಾಕುತ್ತ ಹತ್ತಬೇಕು. ಲಹರಿಯ ಗೆಳತಿಯರು ಹೋಗಿ ಬಂದಿದ್ದರು. "ಇಬ್ಬರೂ ಬರಬೇಕು, ಇಲ್ಲಾಂದ್ರ ನಾನೂ ಹೋಗಂಗಿಲ್ಲ" ಎಂದು ಅವಳು ಊಟ ಬಿಟ್ಟು ಕೂತಿದ್ದಳು. ಹನ್ನೊಂದು ವರ್ಷದ ಹುಡುಗಿ. ತೇಜಸ್ವಿನಿ ಒಪ್ಪಿದಳು.

ದಾರಿ ತೋರಿಸಲು ಪ್ರಾಜಕ್ತಾ ಎಂಬ ತರಬೇತುಗಾರ್ತಿ ಮುಂದೆ ಹತ್ತಿದಳು. ಅವಳ ಹಿಂದೆ ತೇಜಸ್ವಿನಿ, ಆಮೇಲೆ ಲಹರಿ, ಕೊನೆಗೆ ಅರವಿಂದ್. ಮೊದಮೊದಲು ಲಹರಿ ಸರಸರ ಹತ್ತಿದಳು. ತೇಜಸ್ವಿನಿಯ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಆದರೂ ನಡುನಡುವೆ ಹಿಂದಕ್ಕೆ ತಿರುಗಿ ಮಗಳ ಕೊಕ್ಕೆ ನೋಡುತ್ತಿದ್ದಳು.

ಅರ್ಧ ಎತ್ತರ ಹತ್ತಿದ ಮೇಲೆ ದಾರಿ ಅಡ್ಡಕ್ಕೆ ತಿರುಗುತ್ತದೆ. ಅಲ್ಲಿ ಕಾಲಿಡಲು ಬಂಡೆಯಿಂದ ಹೊರಬಂದ ಕಬ್ಬಿಣದ ಕಂಬಿಗಳು, ಹಿಡಿಯಲು ಹಗ್ಗ. ಕೆಳಗೆ ಬರೀ ಗಾಳಿ. ಬೆಟ್ಟದ ಬುಡದ ಬೇವಿನ ಮರಗಳು ಕೊತ್ತಂಬರಿ ಕಟ್ಟಿನಂತೆ ಕಾಣುತ್ತಿದ್ದವು. ತೇಜಸ್ವಿನಿ ಅದನ್ನು ದಾಟಿ ಆಚೆ ಬಂಡೆಯ ಸಣ್ಣ ಚಾಚಿನ ಮೇಲೆ ನಿಂತಳು. ಲಹರಿ ನಡುಮಧ್ಯಕ್ಕೆ ಬಂದು ನಿಂತುಬಿಟ್ಟಳು.

"ಬೇಟಾ, ನೀಚೇ ಮತ್ ದೇಖೋ," ಎಂದು ಪ್ರಾಜಕ್ತಾ ಕೆಳಗೆ ನೋಡದಂತೆ ಹೇಳಿದಳು.

ಲಹರಿ ಅಲುಗಲಿಲ್ಲ. ಅರವಿಂದ್ ಅವಳ ಬಳಿ ಸರಿದು ಕೇಳಿದ, "ಅಂಜಿಕಿ ಆಗಾಕತ್ತೈತೇನವ್ವ?"

"ಇಲ್ಲ."

"ಮತ್ತ ಕೈ ನೋಯ್ತದೇನು?"

"ಇಲ್ಲಪ್ಪಾ. ಇಲ್ಲೇ ಇರೋಣು. ಮೂರೂ ಮಂದಿ."

ಅವನಿಗೆ ಅರ್ಥವಾಗಲಿಲ್ಲ. ಲಹರಿ ಬಂಡೆಗೆ ಕೆನ್ನೆ ಒತ್ತಿಕೊಂಡು, ಯಾರನ್ನೂ ನೋಡದೆ ಹೇಳಿದಳು: "ಕೆಳಗ ಇಳದ್ರ ನೀ ಲಿಂಗಂಪಲ್ಲಿಗೆ ಹೋಗ್ತಿ, ನಾವು ಮನಿಗೆ ಹೋಗ್ತೀವಿ. ನಾಳೆ ಕೋರ್ಟಿನ್ಯಾಗ ಸಹಿ ಮಾಡ್ತೀರಿ. ಅಮ್ಮ ಅಜ್ಜಿಗೆ ಫೋನ್‌ನ್ಯಾಗ ಹೇಳಿದ್ದು ನಾ ಕೇಳೀನಿ. ನಾ ಇಲ್ಲಿಂದ ಬರಂಗಿಲ್ಲ."

ಬಿಸಿಲು ಏರಿತ್ತು. ಕಂಬಿ ಕಾಯತೊಡಗಿತ್ತು. ಹಗ್ಗ ಹಿಡಿದ ಲಹರಿಯ ತೋಳುಗಳು ನಡುಗುವುದು ಅರವಿಂದನಿಗೆ ಕಾಣುತ್ತಿತ್ತು.

"ಹಂಗೇನೂ ಆಗಂಗಿಲ್ಲ, ಪುಟ್ಟಾ. ನಾ ಎಲ್ಲಿಗೂ ಹೋಗಂಗಿಲ್ಲ."

"ಮನಿ ಬಿಟ್ಟ ದಿನಾನೂ ನಾಕು ದಿನದಾಗ ಬರ್ತೀನಿ ಅಂದಿದ್ದಿ," ಎಂದಳು ಲಹರಿ. "ನೀ ಹೇಳಬ್ಯಾಡ. ಅಮ್ಮ ಹೇಳ್ಲಿ."

ತೇಜಸ್ವಿನಿ ಮಗಳಿಗೆ ಎಂದೂ ಸುಳ್ಳು ಹೇಳಿದವಳಲ್ಲ. ಸೂಜಿ ಚುಚ್ಚಿಸುವಾಗ ಬೇರೆ ತಾಯಂದಿರು ನೋವಾಗುವುದಿಲ್ಲ ಎಂದರೆ, ಇವಳು ನೋವಾಗುತ್ತದೆ, ನನ್ನ ಕೈ ಹಿಡಿದುಕೋ ಎನ್ನುತ್ತಿದ್ದಳು. ಈಗ ಅವಳು ಮಗಳ ನಡುಗುವ ತೋಳುಗಳನ್ನು ನೋಡಿದಳು, ಗಂಡನನ್ನು ನೋಡಿದಳು.

"ಬ್ಯಾರೆ ಆಗಂಗಿಲ್ಲ," ಎಂದಳು. "ಮೂರೂ ಮಂದಿ ಒಂದ ಮನ್ಯಾಗ ಇರೋಣು. ಈಗ ಕೊಕ್ಕಿ ಮುಂದ ಹಾಕು."

"ನನ್ನ ಮ್ಯಾಲೆ ಆಣಿ ಮಾಡು."

ತೇಜಸ್ವಿನಿಯ ತುಟಿ ಒಣಗಿದ್ದವು. "ನಿನ್ನಾಣಿ," ಎಂದಳು.

ಲಹರಿ ಮೂಗು ಒರೆಸಿಕೊಂಡು ಕೊಕ್ಕೆ ಬಿಚ್ಚಿ ಮುಂದಕ್ಕೆ ಹಾಕಿದಳು. ಅರವಿಂದನಿಗೆ ಹೆಜ್ಜೆ ಎತ್ತಲಾಗಲಿಲ್ಲ. ತೇಜಸ್ವಿನಿ ಆಣೆ ಮಾಡಿದ್ದಾಳೆ, ಅದೂ ಮಗಳ ಮೇಲೆ. ಕೆಳಗಿನ ಆಳ ಅವನಿಗೆ ಮರೆತೇಹೋಯಿತು. ಉಳಿದ ದಾರಿಯನ್ನು ಅವನು ಹೇಗೆ ಹತ್ತಿದನೋ. ಮನೆಗೆ ಹೋದ ಕೂಡಲೇ ಬಾಲ್ಕನಿಯ ನಲ್ಲಿ ರಿಪೇರಿ ಮಾಡಬೇಕು ಎಂದೆಲ್ಲ ಯೋಚಿಸಿದ.

ನೆತ್ತಿಯ ಮೇಲೆ ಲಹರಿ ಬಿಸ್ಕೀಟು ತಿನ್ನುತ್ತ ಪ್ರಾಜಕ್ತಾಳ ಜೊತೆ ಹಿಂದಿಯಲ್ಲಿ ಹರಟುತ್ತಿದ್ದಳು. ನಾಳೆಯಿಂದ ಅಪ್ಪ ನಮ್ಮ ಮನೆಯಲ್ಲೇ ಇರುತ್ತಾನೆ ಎಂದು ಅವಳಿಗೂ ಹೇಳಿಬಿಟ್ಟಳು. ತೇಜಸ್ವಿನಿ ದೂರ ಹೋಗಿ ಬೆನ್ನು ಹಾಕಿ ಕೂತಿದ್ದಳು. ಅರವಿಂದ್ ಹೋಗಿ ಪಕ್ಕದಲ್ಲಿ ಕೂತ.

"ತೇಜು, ನೀ ಅಂದಿದ್ದು..."

ಅವಳು ತಿರುಗಿದಾಗ ಕಣ್ಣು ಕೆಂಪಾಗಿದ್ದವು. "ಕೂಸಿನ್ನ ಅಲ್ಲಿಂದ ಬಿಡಸಬೇಕಿತ್ತು ರೀ. ಬ್ಯಾರೆ ಏನ್ ಹೇಳ್ಲಿ?"

ಅವನು ಬೆಲ್ಟಿನ ಕೊಕ್ಕೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತ.

"ನನ್ನ ಕೈಲೆ ಆಗಂಗಿಲ್ಲ," ಎಂದಳು ಅವಳು. "ಪ್ರಯತ್ನ ಮಾಡಿ ನೋಡೀನಿ. ನಿಮ್ಮ ಮುಖಾ ನೋಡಿದ ಕೂಡ್ಲೆ ಅದ ನೆನಪಾಗ್ತದ. ಈಗ ಹೊಟ್ಟ್ಯಾಗ ಹುಟ್ಟಿದ ಕೂಸಿನ ಮ್ಯಾಲೆ ಸುಳ್ಳು ಆಣಿ ಮಾಡೀನಿ. ಅಕಿಗೆ ಇನ್ನ ಯಾವ ಬಾಯಿಲೆ ಹೇಳ್ಲಿ?"

ಅರವಿಂದ್ ಬಿಸ್ಕೀಟು ತಿನ್ನುತ್ತಿದ್ದ ಮಗಳ ಕಡೆ ನೋಡಿದ. ಕೊನೆಗೆ ಎದ್ದು ನಿಂತ.

"ಆಣಿ ನೀ ಮುರೀಬ್ಯಾಡ," ಎಂದ. "ಅಕಿಗೆ ಹೆಂಗೂ ನನ್ನ ಮ್ಯಾಲೆ ನಂಬಿಕಿ ಇಲ್ಲ, ತಪ್ಪು ನಂದ ಆಗ್ಲಿ. ನಾ ಮುರೀತೀನಿ."

ಇಳಿಯುವುದಕ್ಕೆ ಬೆಟ್ಟದ ಹಿಂಬದಿಯಲ್ಲಿ ಕಲ್ಲುಮೆಟ್ಟಿಲುಗಳಿದ್ದವು. ಲಹರಿ ಅಪ್ಪನ ಕೈ ಹಿಡಿದು ಮುಂದೆ ನಡೆದಳು. ತೇಜಸ್ವಿನಿ ಸ್ವಲ್ಪ ಹಿಂದಿದ್ದಳು. ಸೀತಾಫಲದ ಗಿಡಗಳ ಹತ್ತಿರ ಅರವಿಂದ್ ನಿಂತ.

"ಲಹರಿ, ಅಮ್ಮ ಮನಿಗೆ ಬಾ ಅಂದ್ಳು. ನಾನ ಬ್ಯಾಡ ಅಂದೆ."

"ಯಾಕ?"

"ನನಗ ಒಬ್ಬನ ಇರೂದು ಚಲೋ ಅನಸ್ತದ."

ಅವಳು ಅವನ ಮುಖವನ್ನೇ ನೋಡಿದಳು. "ನಮ್ಮ ಜೋಡಿ ಇರೂದು ಬ್ಯಾಡೇನು ನಿನಗ?"

"ಬ್ಯಾಡ," ಎಂದ.

ಲಹರಿ ಅಳಲಿಲ್ಲ. ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿ ವಾಪಸು ಹೋಗಿ ತಾಯಿಯ ಸೊಂಟ ತಬ್ಬಿಕೊಂಡಳು. ತೇಜಸ್ವಿನಿಗೆ ಎಲ್ಲವೂ ಕೇಳಿಸಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು. ಅರವಿಂದ್ ತಲೆ ಅಲ್ಲಾಡಿಸಿದ. ಅವಳು ಮಗಳ ತಲೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನಿಂತಳು.

ಕೆಳಗೆ ಕಾರಿನ ಹತ್ತಿರ ಲಹರಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.

"ಕೂಡ್ರಿ, ಬಿಟ್ಟು ಹೋಗ್ತೀನಿ," ಎಂದಳು ತೇಜಸ್ವಿನಿ.

"ಬ್ಯಾಡ. ನಾ ಇದ್ರ ಅಕಿಗೆ ಅಳಾಕ ಆಗಂಗಿಲ್ಲ. ನೀವು ಹೋಗ್ರಿ."

ಮೊದಲ ಬಾರಿಗೆ ಅವನು ಹೆಂಡತಿಗೆ ಬಹುವಚನ ಬಳಸಿದ್ದ. ತೇಜಸ್ವಿನಿ ಸೆರಗಿನಿಂದ ಕಣ್ಣೊತ್ತಿಕೊಳ್ಳುವವಳಂತೆ ಕೈ ಎತ್ತಿದಳು. ತೊಟ್ಟಿದ್ದು ಟೀಶರ್ಟ್, ಹಾಗೇ ಅಂಗೈಯಿಂದ ಮುಖ ಒರೆಸಿಕೊಂಡು ಕಾರು ಹತ್ತಿದಳು. ಕಾರು ಹೆದ್ದಾರಿಗೆ ತಿರುಗುವ ತನಕ ಅವನು ನೋಡಿದ. ಹಿಂದಿನ ಗಾಜಿನಲ್ಲಿ ಮಗಳ ತಲೆ ಕಾಣಲಿಲ್ಲ; ಸೀಟಿನ ಮೇಲೆ ಮಲಗಿಕೊಂಡಿದ್ದಳೇನೋ.

ಪ್ರಾಜಕ್ತಾ ಬಂದು ಬೆಲ್ಟು ವಾಪಸು ಕೇಳಿದಳು. ನಿಮ್ಮ ಮಗಳಿಗೆ ಭಾರಿ ಧೈರ್ಯ, ಮತ್ತೆ ಕರೆದುಕೊಂಡು ಬನ್ನಿ ಎಂದಳು.

"ಹಾಂ ಜೀ," ಎಂದು ಅವನು ಬಸ್ಸಿಗಾಗಿ ರಸ್ತೆಯ ಕಡೆ ನಡೆದ.