ಹಳದಿ ತಂಡಕ್ಕೊಂದು ಒಳ್ಳೆ ಮಾತು

ಹಾಕಿ ಸೀಸನ್ ಶುರುವಾಗುವ ಮುಂಚೆ ರೇಡಿಯೋದಲ್ಲಿ ವಾರಕ್ಕೊಂದು ತಂಡದ ಜಾತಕ ಬಿಚ್ಚುವುದು ನನ್ನ ಮತ್ತು ಭಾವನ ಕೆಲಸ. ಯಾರು ಯಾರನ್ನು ಕೊಂಡರು, ಯಾರನ್ನು ಕೈಬಿಟ್ಟರು, ಈ ಸಲ ಯಾರು ಗೆಲ್ಲುತ್ತಾರೆ, ಯಾರು ಮಣ್ಣು ಮುಕ್ಕುತ್ತಾರೆ. ನಾವಿಬ್ಬರೂ ಒಂದೇ ತಂಡದಲ್ಲಿ ಆಡಿದವರು. ಭಾವ ಫಾರ್ವರ್ಡ್, ನಾನು ಫುಲ್‌ಬ್ಯಾಕ್. ಅವರು ಗೋಲು ಹೊಡೆದು ಹೆಗಲ ಮೇಲೆ ಮೆರೆದರು, ನಾನು ಮಂಡಿ ಮುರಿಸಿಕೊಂಡೆ. ಆಮೇಲೆ ಅವರು ನನ್ನ ಅಕ್ಕನನ್ನು ಮದುವೆಯಾದರು.

ಕಾರ್ಯಕ್ರಮಕ್ಕೆ ಒಂದು ಪದ್ಧತಿ ಇತ್ತು. ಯಾರೂ ಕೂತು ಮಾಡಿದ್ದಲ್ಲ, ತಾನಾಗಿ ಆದದ್ದು. ಮೊದಲು ನಾನು ತಂಡದ ಹುಳುಕು ತೆಗೆಯಬೇಕು. ಬೈದು ಬೈದು ಉಸಿರು ಮುಗಿದು ನಾನು ನಿಲ್ಲಿಸಿದರೆ ಭಾವ ಗಂಟಲು ಸರಿಮಾಡಿಕೊಂಡು, "ಇರಲಿ ಬಿಡಪ್ಪ, ಆದರೂ..." ಎಂದು ಶುರುಮಾಡುತ್ತಿದ್ದರು. ಆ 'ಆದರೂ' ಆದಮೇಲೆ ಎಂಥ ದರಿದ್ರ ತಂಡಕ್ಕೂ ಒಂದು ಒಳ್ಳೆ ಮಾತು ಸಿಗುತ್ತಿತ್ತು. ಕೇಳುವವರು ನಮಗೆ ಬೆಣ್ಣೆ, ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದರು. ಯಾರು ಯಾವುದು ಎಂದು ಹೇಳಬೇಕಾಗಿಲ್ಲ.

ಈ ವರ್ಷ ಹಳದಿ ಜೆರ್ಸಿಯ ತಂಡದವರು ಭಾವನನ್ನೇ ಕೋಚ್ ಮಾಡಿಕೊಂಡರು. ದೂರದ ಊರು. ಮನೆಯ ಮೆಟ್ಟಿಲ ಮೇಲೆ ನಿಂತು ಭಾವ ನನ್ನನ್ನು ಕೇಳಿದ್ದರು.

"ಏನಂತೀಯ, ಹೋಗ್ಲಾ?"

"ಹೋಗಿ. ನನ್ನನ್ನೇನು ಕೇಳ್ತೀರಿ?"

ಹೋಗಬೇಡಿ ಎನ್ನಲು ನಾನು ಯಾರು? ಅವರು ಹೋದರು, ಅಕ್ಕನೂ ಹೋದಳು. ನಾನಿರುವುದು ಮೇಲಿನ ಮನೆ, ಅವರದು ಕೆಳಗಿನದು. ಊಟಕ್ಕಿಟ್ಟಾಗ ಅಕ್ಕ ಭಾವನ ಹಳೇ ಹಾಕಿ ಸ್ಟಿಕ್ಕಿನಿಂದ ಅಡುಗೆಮನೆಯ ಚಾವಣಿಗೆ ಕುಟ್ಟುತ್ತಿದ್ದಳು. ನನ್ನ ಕಾಲಡಿ ನೆಲ ಟಕಟಕ ಅನ್ನುತ್ತಿತ್ತು. "ಬಂದೆ, ಮನೆ ಬೀಳಿಸಬೇಡ" ಎಂದು ಮೇಲಿನಿಂದ ಬೈಯುತ್ತ ಇಳಿಯುತ್ತಿದ್ದೆ. ಈಗ ಕೆಳಗೆ ಬೀಗ. ಸಂಜೆಯಾದರೆ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ ಒಂದೇ. ಮಾಡಿದ ಅನ್ನ ಉಳಿಯುತ್ತದೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಎಂದು ಈ ವಯಸ್ಸಿನಲ್ಲಿ ಕಲಿಯುವುದು ನಾಚಿಕೆಗೇಡು.

ರೇಡಿಯೋದಲ್ಲಿ ಕಾರ್ಯಕ್ರಮ ನಡೆಸುವ ಮೇಡಂ ನನ್ನ ಮಗಳ ವಯಸ್ಸಿನವಳು, ಮಗಳೊಬ್ಬಳು ಇದ್ದಿದ್ದರೆ. ಮೊದಲ ಎರಡು ವಾರ ಕೆಂಪು ತಂಡ, ನೀಲಿ ತಂಡ ಎರಡರ ಜಾತಕವನ್ನೂ ನಾನೊಬ್ಬನೇ ಬಿಚ್ಚಿದೆ. ಬರೀ ಖಾರ, ತಿನ್ನೋಕಾಗಲ್ಲ ಎಂದು ಕೇಳುಗರು ದೂರಿದರಂತೆ.

"ಸರ್, ಇನ್ಮೇಲೆ ಎರಡೂ ನೀವೇ ಮಾಡಿ. ಬೈದ ಮೇಲೆ ಸ್ವಲ್ಪ ಹೊಗಳಿ."

"ನಾನೇನು ತಕ್ಕಡಿನಾ?"

"ಮತ್ತೆ ನಿಮ್ಮ ಭಾವನ ಆ ಖಾಲಿ ಕುರ್ಚಿ ಹೊರಗಿಡಲಾ? ಕಾಲಿಗೆ ತಗಲುತ್ತೆ."

"ನಿಮ್ಮ ಕಾಲಿಗೆ ತಾನೇ? ನೋಡ್ಕೊಂಡು ನಡೀರಿ" ಎಂದೆ.

ಮೂರನೆಯ ವಾರ ಹಳದಿ ತಂಡದ ಸರದಿ. ಹಿಂದಿನ ದಿನ ಅಕ್ಕ ಫೋನ್ ಮಾಡಿದಳು.

"ಲೋ, ನಾಳೆ ನಮ್ಮದಲ್ವಾ? ಸ್ವಲ್ಪ ನೋಡ್ಕೊಂಡು ಮಾತಾಡೋ."

"ಏನು ನೋಡ್ಕೋಬೇಕು?"

"ನಿನ್ನ ನಾಲಿಗೇನ. ಇವರಿಗೆ ಊಟ ಸೇರ್ತಿಲ್ಲ. ತಂಡದ ಮಾಲೀಕರೂ ರೇಡಿಯೋ ಹಾಕ್ಕೊಂಡು ಕೂತಿರ್ತಾರೆ. ನೀನು ಕೊನೇ ಸ್ಥಾನ ಗೀನ ಅಂದ್ರೆ, ಇವರು ನಿನ್ನ ಹತ್ರ ಮಾತೇ ಬಿಟ್ಬಿಡ್ತಾರೆ ನೋಡು."

"ಈಗೇನು ದಿನಾ ಮಾತಾಡ್ತಿದ್ದಾರಾ?"

ಅವಳು ಮಾತು ಬದಲಿಸಿದಳು. "ಊಟ ಆಯ್ತಾ?"

"ಆಯ್ತು" ಎಂದೆ. ಒಲೆಯನ್ನೇ ಹಚ್ಚಿರಲಿಲ್ಲ.

ಕೂತು ಯೋಚಿಸಿದೆ. ಹಳದಿ ತಂಡ ಚೆನ್ನಾಗಿದೆ ಎಂದುಬಿಟ್ಟರೆ ಯಾರ ಗಂಟು ಹೋಗುತ್ತದೆ? ಆದರೆ ಭಾವನಿಗೆ ತಿಳಿದುಬಿಡುತ್ತದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತವರಿಗೆ ನನ್ನ ಸುಳ್ಳಿನ ದನಿ ಗೊತ್ತಾಗದೇ? ನಿಜ ಹೇಳಿದರೆ ಮುನಿಸು, ಸುಳ್ಳು ಹೇಳಿದರೆ ಅಸಹ್ಯ. ನನಗೆ ಇರುವುದೇ ಅವರಿಬ್ಬರು.

ಮರುದಿನ ಸಂಜೆ ಗಾಜಿನ ಕೋಣೆಯಲ್ಲಿ ಕೆಂಪು ದೀಪ ಹತ್ತಿತು. ಶುರುಮಾಡಿದೆ.

"ಹಳದಿಯವರು ಇಬ್ಬರು ದೊಡ್ಡ ಫಾರ್ವರ್ಡ್‌ಗಳನ್ನ ತಂದಿದ್ದಾರೆ. ಇಬ್ಬರೂ ಚೆನ್ನಾಗಿ ಆಡ್ತಾರೆ, ಆದ್ರೆ ಇಬ್ಬರಿಗೂ ಒಂದೇ ಜಾಗ ಬೇಕು. ಒಂದೇ ಕಂಬಳಿಗೆ ಇಬ್ಬರು ಎಳೆದಾಡಿದ ಹಾಗೆ. ಗೋಲ್‌ಕೀಪರ್ ಒಳ್ಳೆಯವನೇ, ಎಡಕ್ಕೆ ಬಗ್ಗಬೇಕಾದ್ರೆ ಮಾತ್ರ ಅರ್ಜಿ ಹಾಕಬೇಕು."

ಗಾಜಿನಾಚೆ ಮೇಡಂ ನಕ್ಕಳು. ನನಗೆ ಹುರುಪು ಬಂತು.

"ಇರೋ ದೊಡ್ಡ ತಪ್ಪು ಬೇರೆ. ಪೆನಾಲ್ಟಿ ಕಾರ್ನರ್‌ನಲ್ಲಿ ಎದುರಾಳಿ ಚೆಂಡು ಬೀಸ್ತಾನೆ. ಆಗ ಗೋಲಿನ ಗೆರೆಯಿಂದ ಒಬ್ಬ ಆ ಚೆಂಡಿನ ಎದುರಿಗೇ ಓಡಬೇಕು. ಕಲ್ಲಿನಂಥ ಚೆಂಡು. ಮಂಡಿಗೆ ಬೀಳುತ್ತೆ, ಎದೆಗೆ ಬೀಳುತ್ತೆ. ಅವನ ಹೆಸರು ಪೇಪರ್‌ನಲ್ಲಿ ಬರಲ್ಲ. ಹಳದಿ ತಂಡದಲ್ಲಿ ಅಂಥವನೊಬ್ಬ ಇದ್ದ, ಮೂಗು ಸೊಟ್ಟ ಆದವನು. ಅವನನ್ನ ಬಿಟ್ಟುಬಿಟ್ರು. ವಯಸ್ಸಾಯ್ತಂತೆ! ಕೋಚ್ ಫಾರ್ವರ್ಡ್ ಆಗಿದ್ದವರು, ಎದುರು ಓಡೋದು ಏನು ಅಂತ ಅವರ ಮಂಡಿಗೆ ಗೊತ್ತಿಲ್ಲ. ಅಂಥವನನ್ನ ಬಿಟ್ಟು ಹೋದಮೇಲೆ ಇನ್ಯಾರು ಅಡ್ಡ ನಿಲ್ತಾರೆ? ಈ ತಂಡ ಕೊನೇ ಸ್ಥಾನಕ್ಕೆ ಬರುತ್ತೆ. ಬರೆದಿಟ್ಕೊಳ್ಳಿ."

ಉಸಿರು ಮುಗಿಯಿತು. ನಿಲ್ಲಿಸಿದೆ. ನಿಲ್ಲಿಸಿ ಎಡಕ್ಕೆ ತಿರುಗಿದೆ.

ಕುರ್ಚಿ ಖಾಲಿ. ಕೆಂಪು, ನೀಲಿ ತಂಡಗಳಿಗೆ ಬೈದಾಗ ಹೀಗಾಗಿರಲಿಲ್ಲ, ಎಚ್ಚರದಿಂದ ಮಾತಾಡಿದ್ದೆ. ಇವತ್ತು ಸಿಟ್ಟಿನಲ್ಲಿ ಎಚ್ಚರ ತಪ್ಪಿ ಹಳೇ ಅಭ್ಯಾಸದಂತೆ 'ಆದರೂ'ಗೆ ಕಾಯುತ್ತ ಕೂತೆ. ರೇಡಿಯೋದಲ್ಲಿ ಮೌನ ಹೋಗುತ್ತಿತ್ತು. ಮೇಡಂ ಎದ್ದುನಿಂತು, ನೀರಿಗೆ ಬಿದ್ದವಳಂತೆ ಕೈ ಬಡಿಯುತ್ತಿದ್ದಳು.

"ಇರಲಿ," ಎಂದೆ. ದನಿ ನನ್ನದಲ್ಲ ಅನ್ನಿಸಿತು. "ಆದರೂ... ಆ ಕೋಚ್ ಬೈಯೋ ಪೈಕಿ ಅಲ್ಲ. ಸೋತ ದಿನ ಬಟ್ಟೆ ಬದಲಿಸೋ ಕೋಣೆಯಲ್ಲಿ ಯಾರು ಮೂಲೆ ಹಿಡಿದಿರ್ತಾನೋ ಅವನ ಪಕ್ಕ ಹೋಗಿ ಕೂರ್ತಾರೆ. ಏನೂ ಮಾತಾಡಲ್ಲ. ಬಗ್ಗಿ ಅವನ ಕಾಲಿನ ಪ್ಯಾಡ್ ಬಿಚ್ಚಿಕೊಡ್ತಾರೆ. ಕೊನೇ ಸ್ಥಾನಕ್ಕೆ ಬರೋ ತಂಡಕ್ಕೆ ಅಂಥವರೇ ಬೇಕು."

ದೀಪ ಆರಿತು. "ಸರ್, ಇದು ಹೊಗಳಿಕೆನಾ?" ಎಂದು ಮೇಡಂ ಕೇಳಿದಳು. ಚಪ್ಪಲಿ ಮೆಟ್ಟಿ ಹೊರಟುಬಂದೆ.

ಮನೆ ಮೆಟ್ಟಿಲು ಹತ್ತುವಾಗ ಅಕ್ಕನ ಫೋನ್ ಬಂತು.

"ಬಾಯಿಗೆ ಬೆಂಕಿ ಹಾಕ! ಅಷ್ಟು ಹೇಳಿದ್ರೂ ಕೊನೇ ಸ್ಥಾನ ಅಂದ್ಯಲ್ಲೋ!"

"ಭಾವ ಏನಂದ್ರು?"

"ತಟ್ಟೆ ಮುಂದೆ ಕೂತು ಕೇಳ್ತಾ ಇದ್ರು. ಪಿಟ್ಟೆನ್ನಲಿಲ್ಲ. ಆಮೇಲೆ ನೀನು ಮಧ್ಯದಲ್ಲಿ ನಿಲ್ಲಿಸಿದ್ಯಲ್ಲ?"

"ಹೂಂ."

"ಆಗ ಗಂಟಲು ಸರಿಮಾಡ್ಕೊಂಡು 'ಇರಲಿ ಬಿಡಪ್ಪ, ಆದರೂ' ಅಂತ ಶುರು ಮಾಡಿದ್ರು ಕಣೋ. ರೇಡಿಯೋ ನೋಡ್ಕೊಂಡು!"

ನಾನು ಮೆಟ್ಟಿಲ ಮೇಲೆಯೇ ಕೂತೆ. "ಆದರೂ ಏನಂದ್ರು?"

"ಎಲ್ಲಿ ಅಂದ್ರು? ಅಷ್ಟರಲ್ಲಿ ನೀನೇ ಶುರುಮಾಡಿದೆ. ಇವರು ಬಾಯಿ ಮುಚ್ಕೊಂಡ್ರು."

"ಫೋನ್ ಕೊಡು ಅವರಿಗೆ."

"ಇಲ್ಲ. ತಟ್ಟೆ ಬಿಟ್ಟು ಎದ್ದು ಮೈದಾನಕ್ಕೆ ಹೋದ್ರು." ಮತ್ತೆ ಕೇಳಿದಳು, "ಊಟ ಆಯ್ತಾ?"

"ಇಲ್ಲ" ಎಂದೆ.

ಇಡೀ ವಾರ ಭಾವ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅವರು ಏನು ಹೇಳಲು ಹೊರಟಿದ್ದರು ಎಂದು ಅಡುಗೆಮನೆಯಲ್ಲಿ ನಿಂತು ಎಷ್ಟೋ ಸಲ ಊಹಿಸಿದೆ. ಹೊಳೆಯಲಿಲ್ಲ. ಒಳ್ಳೆ ಮಾತು ಹುಡುಕುವುದು ನನ್ನ ಕೆಲಸವಾಗಿರಲೇ ಇಲ್ಲವಲ್ಲ.

ಮುಂದಿನ ವಾರ ಹಸಿರು ತಂಡ. ಕುರ್ಚಿ ಅಲ್ಲೇ ಇತ್ತು, ಮೇಡಂ ತೆಗೆಸಿರಲಿಲ್ಲ. ಹಸಿರಿನವರ ಮಿಡ್‌ಫೀಲ್ಡಿನಲ್ಲಿ ಎತ್ತಿನ ಗಾಡಿ ಓಡಿಸಬಹುದು ಎಂದೆ, ಹೊಸ ಕ್ಯಾಪ್ಟನ್‌ಗೆ ಬಾಯಿ ಮುಂದೆ, ಕಾಲು ಹಿಂದೆ ಎಂದೆ. ಹೇಳುವುದೆಲ್ಲ ಹೇಳಿ ನಿಲ್ಲಿಸಿದೆ.

ಈ ಸಲ ಮರೆತು ಅಲ್ಲ. ಗಾಜಿನಾಚೆ ಮೇಡಂ ಕೈ ಬೀಸಿದಳು, ಗಾಜು ಬಡಿದಳು, ತಲೆ ಚಚ್ಚಿಕೊಂಡಳು. ಚಚ್ಚಿಕೊಳ್ಳಲಿ. ಅಲ್ಲಿ ರೇಡಿಯೋ ಮುಂದೆ ಕೂತ ಭಾವನ ಮಾತು ಮೊದಲಿಂದಲೂ ನಿಧಾನ. ಗಂಟಲು ಸರಿಮಾಡಿಕೊಳ್ಳುವುದಕ್ಕೇ ಅರ್ಧ ಹೊತ್ತು ಬೇಕು ಅವರಿಗೆ. ನಾನು ಬಾಯಿ ಮುಚ್ಚಿಕೊಂಡು ಕೂತೆ.