ಶನಿವಾರದ ಮಿರ್ಚಿ, ಭಾನುವಾರದ ಮುಳ್ಳು

ನಾನು ಮನುಷ್ಯರನ್ನು ತೂಗುವ ಒಂದು ಯಂತ್ರ. ಎರಡು ಪಾದ ಇಡುವಷ್ಟು ಜಾಗ, ಒಳಗೆ ಒಂದು ಸ್ಪ್ರಿಂಗು, ಗಾಜಿನಡಿ ಒಂದು ಕೆಂಪು ಮುಳ್ಳು. ನನ್ನ ಮೈ ಇಷ್ಟೇ. ಪೀಣ್ಯದ ಒಂದು ಶೆಡ್ಡಿನಲ್ಲಿ ನನ್ನನ್ನು ಜೋಡಿಸಿದರು. ಜೋಡಿಸಿದವನು ಕಬ್ಬಿಣದ ತೂಕದ ಬಟ್ಟುಗಳನ್ನು ಒಂದೊಂದಾಗಿ ನನ್ನ ಮೇಲಿಟ್ಟು ಮುಳ್ಳು ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡಿದ. ನಿಂತಿತು. ನಾನು ಕಲಿತದ್ದು ಆ ಒಂದೇ ವಿದ್ಯೆ.

ಮೊದಲು ದಾವಣಗೆರೆಯ ಒಬ್ಬ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಏಳು ವರ್ಷ ಇದ್ದೆ. ನನ್ನ ಮೇಲೆ ಹತ್ತುವ ಮೊದಲು ಜನ ಚಪ್ಪಲಿ ಬಿಡುತ್ತಿದ್ದರು, ಆಮೇಲೆ ಕೈಗಡಿಯಾರ ಬಿಚ್ಚುತ್ತಿದ್ದರು, ಕೆಲವರು ಉಸಿರನ್ನೂ ಹೊರಗೆ ಬಿಟ್ಟು ನಿಲ್ಲುತ್ತಿದ್ದರು. "ಬಜ್ಜಿ, ಬೇಕರಿ, ಬೆಣ್ಣೆದೋಸೆ, ಎಲ್ಲಾ ಇವತ್ತಿಂದ ಬಂದ್" ಎಂದು ಡಾಕ್ಟರು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. ಜನ ಬಿಡುತ್ತಲೂ ಇದ್ದರು. ಮೊದಲ ತಿಂಗಳು ಎರಡು ಕಿಲೋ ಇಳಿದು ಬರುತ್ತಿದ್ದರು. ನಾಲ್ಕನೆಯ ತಿಂಗಳು ಮೂರು ಕಿಲೋ ಏರಿ ಬರುತ್ತಿದ್ದರು, ಇಲ್ಲವೇ ಬರುತ್ತಲೇ ಇರಲಿಲ್ಲ.

ಡಾಕ್ಟರು ಎಲೆಕ್ಟ್ರಾನಿಕ್ ಯಂತ್ರ ಕೊಂಡಾಗ ನನ್ನನ್ನು ಅದೇ ಊರಿನ ಹುಡುಗಿಯರ ಕ್ರೀಡಾ ಹಾಸ್ಟೆಲ್ಲಿಗೆ ಕೊಟ್ಟರು. ಕುಸ್ತಿ ಕಲಿಯುವ ಹನ್ನೊಂದು ಹುಡುಗಿಯರು ಅಲ್ಲಿದ್ದರು. ಕೋಚ್ ಮುರಿಗೆಪ್ಪ ನನ್ನನ್ನು ಊಟದ ಹಾಲಿನ ಬಾಗಿಲ ಪಕ್ಕ ಇಟ್ಟರು. ಪ್ರತಿ ಭಾನುವಾರ ಬೆಳಿಗ್ಗೆ ತೂಕ. ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ಹುಡುಗಿಯರು ಸಾಲಾಗಿ ನಿಲ್ಲುತ್ತಿದ್ದರು.

ಅವರಲ್ಲಿ ನೇತ್ರಾವತಿಯ ಪಾದ ನನಗೆ ಚೆನ್ನಾಗಿ ಗೊತ್ತು. ಹರಪನಹಳ್ಳಿ ಕಡೆಯ ಹುಡುಗಿ, ಹದಿನೇಳು ವರ್ಷ, ಒಡೆದ ಹಿಮ್ಮಡಿ. ಅವಳು ಐವತ್ತಮೂರು ಕಿಲೋ ವಿಭಾಗದವಳು. ಅದರ ಮೇಲಿನ ಐವತ್ತೇಳಕ್ಕೆ ಬೇರೆ ಹುಡುಗಿ ಇದ್ದಳು, ಒಂದು ವಿಭಾಗಕ್ಕೆ ಒಬ್ಬಳೇ. ರಾಜ್ಯದ ಆಯ್ಕೆಗೆ ಎರಡೂವರೆ ತಿಂಗಳಿತ್ತು. ಅಲ್ಲಿ ತೂಕ ಹೆಚ್ಚಾಗಿ ಕಣಕ್ಕೆ ಇಳಿಯದವಳಿಗೆ ಮುಂದಿನ ವರ್ಷ ಹಾಸ್ಟೆಲ್ ಸೀಟಿಲ್ಲ. ಅವಳ ಊರಲ್ಲಿ ಕುಸ್ತಿಯ ಮ್ಯಾಟೂ ಇಲ್ಲ, ಜೊತೆಗೆ ಆಡುವ ಹುಡುಗಿಯೂ ಇಲ್ಲ. ಸೀಟು ಹೋದರೆ ಕುಸ್ತಿಯೂ ಹೋದಂತೆ.

ನನ್ನ ಮುಳ್ಳು ಐವತ್ತೈದೂವರೆ ತೋರಿಸುತ್ತಿತ್ತು. ಮುಂದಿನ ಭಾನುವಾರ ಐವತ್ತಾರು.

"ನಿನ್ನೆ ಏನ್ ತಿಂದ್ಯವ್ವ?" ಎಂದು ಮುರಿಗೆಪ್ಪ ಕೇಳಿದರು.

"ಏನಿಲ್ಲ ಸರ್. ನಿನ್ನೆ ಶನಿವಾರ, ಒಪ್ಪತ್ತು."

ಗರಡಿಯ ಹನುಮಪ್ಪನ ಹೆಸರಲ್ಲಿ ಶನಿವಾರ ಒಂದೇ ಹೊತ್ತು ಊಟ ಮಾಡುವುದು ಅಲ್ಲಿಯ ಪದ್ಧತಿ. ಕೋಚೂ ಮಾಡುತ್ತಿದ್ದರು.

"ರಾತ್ರಿಗೆ?"

"ಅನ್ನ, ರೊಟ್ಟಿ ಮುಟ್ಟಿಲ್ಲ ಸರ್. ಮಂಡಕ್ಕಿ ಅಷ್ಟೇ."

"ಬರೀ ಮಂಡಕ್ಕಿನಾ?"

"ಮಿರ್ಚಿ ಜೊತೆ."

"ಎಷ್ಟು ಮಿರ್ಚಿ?"

"ಆರು. ಏಳು ಇರಬೋದು. ಅದೇನ್ ಊಟ ಅಲ್ಲಲ್ಲ ಸರ್."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಆ ಊರಲ್ಲಿ ಯಾರನ್ನು ಕೇಳಿದರೂ ಮಂಡಕ್ಕಿ, ಮಿರ್ಚಿ ಎನ್ನುವ ಮೆಣಸಿನಕಾಯಿ ಬಜ್ಜಿ ಊಟದ ಲೆಕ್ಕಕ್ಕೆ ಬರುವುದಿಲ್ಲ. ಗೇಟಿನ ಹೊರಗಿನ ಗಾಡಿಯ ಹತ್ತಿರ ನಿಂತು, ಪೇಪರಿನ ಮೇಲೆ ಹಾಕಿಸಿಕೊಂಡು ತಿನ್ನುವುದು ಉಪವಾಸದ ಒಂದು ಭಾಗ. ಮೇಲೆ ಉಪ್ಪು, ಖಾರ, ಅದಕ್ಕೆ ಎರಡು ಚೊಂಬು ನೀರು. ಎಣ್ಣೆಯ ತೂಕ ಯಾವುದು, ನೀರಿನ ತೂಕ ಯಾವುದು ಎಂದು ನನಗೆ ಗೊತ್ತಾಗುವುದಿಲ್ಲ. ನಾನು ಒಟ್ಟು ಹೇಳುತ್ತೇನೆ.

ಅಡುಗೆಯ ಹಾಲಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಸರ್, ನೀವೂ ಒಂದು ಸಲ ಹತ್ತಿ ನೋಡ್ರಿ. ನಿಮ್ದೂ ನಿನ್ನೆ ಒಪ್ಪತ್ತೇ ಅಲ್ಲ?"

ಹುಡುಗಿಯರು ತುಟಿ ಬಿಗಿಹಿಡಿದರು. ಮುರಿಗೆಪ್ಪ ಹತ್ತಲಿಲ್ಲ. "ನೀನು ಸಾರು ನೋಡ್ಕ ಹೋಗು" ಎಂದರು. ಆಮೇಲೆ ಎಲ್ಲರೂ ಹೋದ ಮೇಲೆ ಹತ್ತಿದರು. ತೊಂಬತ್ತನಾಲ್ಕು.

ಅಂದಿನಿಂದ ಅವರು ಗಾಡಿಯನ್ನು ನಿಷೇಧಿಸಿದರು. ಅದು ಡಾಕ್ಟರು ಹೇಳುತ್ತಿದ್ದ ಮಾತೇ. ನೇತ್ರಾ ಮಾತು ಕೇಳುವ ಹುಡುಗಿ. ಶನಿವಾರ ರಾತ್ರಿ ಏನೂ ತಿನ್ನದೆ ಮಲಗಿದಳು. ಒಪ್ಪತ್ತು ಬಿಡಲಿಲ್ಲ, ಮಿರ್ಚಿ ಮಾತ್ರ ಬಿಟ್ಟಳು. ಎರಡು ವಾರದಲ್ಲಿ ಮುಳ್ಳು ಐವತ್ತನಾಲ್ಕಕ್ಕೆ ಇಳಿಯಿತು. ಕೋಚ್ ಖುಷಿಯಾದರು. ಮೂರನೆಯ ಭಾನುವಾರ ಅಭ್ಯಾಸದಲ್ಲಿ ಯಾರೂ ಎತ್ತಿ ಹಾಕದೆಯೇ ಅವಳು ಮ್ಯಾಟಿನ ಮೇಲೆ ಬಿದ್ದಳು. ಎತ್ತಿಕೊಂಡು ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಮಲಗಿಸಿದರು. ಮರುದಿನ, ಸೋಮವಾರ, ಗೇಟಿನ ಆಚೆ ಒಬ್ಬಳೇ ಹೋಗಿ ಹತ್ತು ಮಿರ್ಚಿ ತಿಂದು ಬಂದಳು. ನಡುವೆ ಉಸಿರಾಡಲೂ ನಿಲ್ಲಿಸಲಿಲ್ಲವಂತೆ. ಅವಳೇ ಹಾಲಮ್ಮನಿಗೆ ಹೇಳಿ ಅತ್ತಳು.

"ನಾನು ಮನೆಗೆ ಹೋಗೋದೇ ಸರಿ ಹಾಲಮ್ಮಕ್ಕ. ನನ್ ಬಾಯಿ ನನ್ ಮಾತು ಕೇಳಲ್ಲ."

"ಬಾಯಿ ಸುದ್ದಿ ಬಿಡು. ಅಳೋದಿದ್ರೆ ಈರುಳ್ಳಿ ಹೆಚ್ಚಿಕೊಡು, ಕೆಲ್ಸನಾದ್ರೂ ಆಗ್ತದೆ."

ಹಾಲಮ್ಮ ಸಂಜೆ ಕೋಚನ್ನು ಹಿಡಿದಳು. "ಶನಿವಾರ ರಾತ್ರಿ ನಾನೇ ಮಿರ್ಚಿ ಕರೀತೀನಿ ಸರ್. ಹೊಸ ಎಣ್ಣೆ. ತಲೆಗೆ ಎರಡು. ಮಂಡಕ್ಕಿಗೆ ಮೊಳಕೆ ಹೆಸರುಕಾಳು, ಶೇಂಗಾ, ಸೌತೆಕಾಯಿ. ಮೇಲೆ ಒಂದು ಲೋಟ ಮಜ್ಜಿಗೆ."

"ಮಿರ್ಚಿ ತಿನ್ನಿಸಿ ಕುಸ್ತಿ ಗೆಲ್ಲಿಸ್ತೀಯಾ?"

"ಗೆಲ್ಲಿಸೋದು ನಿಮ್ ಕೆಲ್ಸ. ನಂದು ತಟ್ಟೆ. ತಟ್ಟೇಲಿ ಹಾಕ್ಕೊಂಡು ಕೂತು ತಿಂದ್ರೆ ಅದು ಊಟ. ಊಟ ಆದ್ಮೇಲೆ ಇನ್ನೊಂದು ಊಟ ಯಾರು ಮಾಡ್ತಾರೆ?"

ಮುರಿಗೆಪ್ಪ ಒಪ್ಪಿದರು ಎನ್ನಲಾರೆ. ಬೇರೆ ದಾರಿ ಹೊಳೆಯದೆ ಸುಮ್ಮನಾದರು. ಮೊದಲ ಶನಿವಾರ ನೇತ್ರಾ ತಟ್ಟೆಯ ಮುಂದೆ ಸಂಕೋಚದಿಂದ ಕೂತಳು. ದೇವರಿಗೆ ಮೋಸ ಮಾಡಿದಂತೆ ಅನ್ನಿಸಿತಂತೆ. "ಹನುಮಪ್ಪನಿಗೆ ನಿನ್ ಮಿರ್ಚಿ ಎಣಿಸೋದೇ ಕೆಲ್ಸನಾ?" ಎಂದಳು ಹಾಲಮ್ಮ.

ಮುಳ್ಳು ಮೊದಲು ಏರಿತು, ಎರಡು ವಾರ ಅಲ್ಲೇ ನಿಂತಿತು, ಆಮೇಲೆ ನಿಧಾನವಾಗಿ ಇಳಿಯಿತು. ನೇತ್ರಾ ಆಯ್ಕೆಗೆ ಹೊರಡುವ ದಿನ ಬೆಳಿಗ್ಗೆ ಸರಿಯಾಗಿ ಐವತ್ತಮೂರರ ಗೆರೆಯ ಮೇಲಿತ್ತು. ನನ್ನಂಥ ಹಳೆಯ ಯಂತ್ರದ ಮಾತನ್ನು ಆಯ್ಕೆಯವರು ಕೇಳುವುದಿಲ್ಲ, ಅಲ್ಲಿ ಅಂಕಿ ಮಿನುಗುವ ಯಂತ್ರ.

ಮೂರು ದಿನದ ಮೇಲೆ ಬಂದಳು. ಐವತ್ತೆರಡು ಪಾಯಿಂಟ್ ಎಂಟು ಬಂತಂತೆ. ಒಂದು ಕುಸ್ತಿ ಗೆದ್ದು, ಎರಡನೆಯದರಲ್ಲಿ ತನಗಿಂತ ಬಲವಾದ ಹುಡುಗಿಗೆ ಸೋತಳು. ತಂಡಕ್ಕೆ ಆಯ್ಕೆಯಾಗಲಿಲ್ಲ. ಸೀಟು ಉಳಿಯಿತು.

ಈಗ ನನ್ನ ಸ್ಪ್ರಿಂಗು ಸಡಿಲಾಗಿದೆ. ಯಾರೂ ಹತ್ತದಿದ್ದರೂ ಎರಡು ಕಿಲೋ ತೋರಿಸುತ್ತೇನೆ. ಉಗ್ರಾಣದಲ್ಲಿ ಅಕ್ಕಿ ಚೀಲಗಳ ಹಿಂದೆ ಇದ್ದೇನೆ, ಮುಂದಿನ ಸಲ ಗುಜರಿಯವನು ಬಂದಾಗ ಹೋಗುತ್ತೇನೆ. ಮಿರ್ಚಿ ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ಅದು ನನ್ನ ವಿದ್ಯೆಯಲ್ಲ. ಜನ ತಿಂದೆ ಎಂದದ್ದನ್ನೂ ತಿಂದಿಲ್ಲ ಎಂದದ್ದನ್ನೂ ಸೇರಿಸಿ ನಾನು ತೂಗಿದ್ದೇನೆ.

ನೇತ್ರಾ ಇನ್ನೆರಡು ವರ್ಷ ಹಾಸ್ಟೆಲ್ಲಿನಲ್ಲಿ ಇದ್ದಳು. ಕೆಲವು ಶನಿವಾರ ಮೂರನೆಯ ಮಿರ್ಚಿ ಹಾಕಿಸಿಕೊಳ್ಳುತ್ತಿದ್ದಳು. ಅಂಥ ಭಾನುವಾರ ಕೋಚ್ ಕೇಳುವ ಮೊದಲೇ, ನನ್ನ ಮೇಲೆ ಕಾಲಿಡುವ ಮೊದಲೇ, "ಮೂರು ಸರ್" ಎಂದು ಹೇಳಿ ಹತ್ತುತ್ತಿದ್ದಳು.